ಒಂದೇ ನೀರಿನಲ್ಲಿ

ನನ್ನ ಬಟ್ಟೆಯನ್ನೂ ಮಗಳ ಬಟ್ಟೆಯನ್ನೂ ಯಾವತ್ತೂ ಒಂದೇ ನೀರಿನಲ್ಲಿ ಒಗೆಯುವುದಿಲ್ಲ ಅಂತ ಒಂಬತ್ತು ವರ್ಷದ ಹಿಂದೆ ನಾನು ನಮ್ಮ ಅವ್ವನಿಗೆ ಮಾತು ಕೊಟ್ಟಿದ್ದೆ. ಮಷೀನು ಮನೆಗೆ ಬಂದ ದಿನ ಅದು. ಮದುವೆ ಛತ್ರದವರು ಹೊಸದು ತರಿಸಿ, ಹಳೆಯದನ್ನು ನನಗೆ ಕೊಟ್ಟಿದ್ದರು. ರಿಪೇರಿಯ ದಸ್ತಗೀರಣ್ಣ ಅದನ್ನು ಬಚ್ಚಲ ಪಕ್ಕದ ಮೂಲೆಯಲ್ಲಿ ಕೂರಿಸಿ, ಅಲುಗಾಡದಂತೆ ಒಂದು ಕಾಲಿಗೆ ಹಲಗೆಯ ಚೂರು ಕೊಟ್ಟು, ನಲ್ಲಿಗೆ ಪೈಪು ಸಿಕ್ಕಿಸಿ ಹೋದ. ಅವನು ಹೋದ ಮೇಲೆ ಅವ್ವ ಬಂದು ಅದರ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ಇದು ಏನ್ ಬೇಕಾದ್ರೂ ಒಗೀಲಿ. ನಿನ್ನ ಸೀರೆ, ಮಗೀನ ಬಟ್ಟೆ ಮಾತ್ರ ಒಂದೇ ನೀರಲ್ಲಿ ತಿರುಗಬಾರ್ದು. ಮಾತು ಕೊಡು."

"ಆಯ್ತು ಕಣವ್ವ."

"ಆಯ್ತು ಅಂತ ತಲೆ ಆಡಿಸಿದ್ರೆ ಆಗಲ್ಲ. ಕೈ ಇಟ್ಟು ಹೇಳು. ಗೌರಿ, ನೀನೂ ಕೇಳಿಸ್ಕೋ."

ಪಕ್ಕದ ಮನೆಯ ಗೌರಕ್ಕ ಮಜ್ಜಿಗೆ ಕೇಳುವ ನೆಪದಲ್ಲಿ ಲೋಟ ಹಿಡಿದು ಮಷೀನು ನೋಡಲು ಬಂದಿದ್ದರು. ಅವರ ಎದುರಿಗೇ ಕೈ ಇಟ್ಟು ಹೇಳಿದೆ. ನನ್ನ ಮಗಳು ಹೇಮಿಗೆ ಆಗ ನಾಲ್ಕು ವರ್ಷ. ಅವಳಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು.

ನಮ್ಮೂರಲ್ಲಿ ಬಟ್ಟೆ ಒಗೆದರೆ ಕೊಳೆಯ ಜೊತೆಗೆ ಸುಸ್ತೂ ಬಿಡುತ್ತದೆ. ಮೈಯಿಂದ ಬಟ್ಟೆಗೆ ಇಳಿದದ್ದು ಬಟ್ಟೆಯಿಂದ ನೀರಿಗೆ ಇಳಿಯುತ್ತದೆ. ಕಲ್ಲಿನ ಮೇಲೆ ಒಗೆಯುತ್ತಿದ್ದ ಕಾಲದಲ್ಲಿ ಅದು ನೀರಿನಿಂದ ಒಗೆಯುವವಳ ಮಣಿಕಟ್ಟಿಗೆ ಹತ್ತುತ್ತಿತ್ತು. ಅವ್ವ ಐದು ಜನರ ಬಟ್ಟೆ ಒಗೆಯುತ್ತಿದ್ದಳು. ಸಾಯಂಕಾಲಕ್ಕೆ ಸಾರಿನ ಸೌಟು ಎತ್ತಲು ಕೈ ಬರುತ್ತಿರಲಿಲ್ಲ. ಉಂಡವಳು ಕಂಬಕ್ಕೆ ಒರಗಿ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ನೀರು ಹೊರುವುದು ತಪ್ಪಲಿ ಅಂತ ನನ್ನ ಲಂಗವನ್ನೂ ಅಪ್ಪನ ಅಂಗಿಯನ್ನೂ ಒಂದೇ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ಅಪ್ಪ ಕಲ್ಲುಕ್ವಾರಿಯಲ್ಲಿ ದುಡಿಯುತ್ತಿದ್ದ. ಎಂಟು ವರ್ಷದ ನಾನು ಶಾಲೆಯ ಬೆಂಚಿನ ಮೇಲೆ ಕಲ್ಲು ಹೊತ್ತು ಬಂದ ಗಂಡಸಿನ ಹಾಗೆ ಕೂರುತ್ತಿದ್ದೆ. ಹಾಜರಿ ಕೂಗುವಾಗ ಟೀಚರು ನನ್ನನ್ನು "ತೂಕಡಿಕೆ ಮಾದೇವಿ" ಅನ್ನುತ್ತಿದ್ದರು. ಏಳನೇ ತರಗತಿಗೆ ನನ್ನ ಓದು ನಿಂತಿತು. ಅವ್ವ ಆ ವಿಷಯ ಒಂದು ದಿನವೂ ಎತ್ತಿದವಳಲ್ಲ. ಮಷೀನಿನ ಮೇಲೆ ಕೈ ಇಟ್ಟ ದಿನ ಎತ್ತಿದ್ದು, ಅಷ್ಟೇ. ಆಮೇಲೆ ಒಂದು ವರ್ಷಕ್ಕೆ ಹೋಗಿಬಿಟ್ಟಳು.

ಮಾತು ಕೊಡುವುದು ಸುಲಭ. ನಡೆಸುವುದು ಅಂದರೆ ಎರಡೆರಡು ಸಲ ನೀರು ತುಂಬಿಸಬೇಕು, ಎರಡೆರಡು ಸಲ ಒಣಹಾಕಬೇಕು. ನಾನು ಬೆಳಗಿನ ಐದಕ್ಕೆ ಶಾಲೆ ಮಕ್ಕಳ ಬಿಸಿಯೂಟದ ಅಡುಗೆಮನೆಗೆ ಹೋಗುತ್ತೇನೆ. ಮೂರು ಶಾಲೆಗೆ ಅಲ್ಲಿಂದಲೇ ಊಟ. ಮಧ್ಯಾಹ್ನದ ಮೇಲೆ ಛತ್ರಕ್ಕೆ ಚಪಾತಿ ಲಟ್ಟಿಸಿಕೊಡುತ್ತೇನೆ. ಆದರೂ ನನ್ನ ಸೀರೆಗಳು ಬೇರೆ, ಹೇಮಿಯ ಬಟ್ಟೆ ಬೇರೆ. ಅದರಲ್ಲಿ ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ಮಷೀನಿನ ಆರೈಕೆಯಲ್ಲಿ. ಶನಿವಾರ ಶನಿವಾರ ಫಿಲ್ಟರು ತೆಗೆಯಬೇಕು. ಮಷೀನಿನ ಬುಡದಲ್ಲಿ ಚಿಕ್ಕ ಮುಚ್ಚಳ ಇದೆ. ಕೆಳಗೆ ಅಗಲವಾದ ತಟ್ಟೆ ಇಟ್ಟು, ಉಳಿದ ನೀರು ಇಳಿಸಿ, ತಿರುವಿ ಎಳೆದರೆ ಬೂದಿ ಬಣ್ಣದ ಮುದ್ದೆ ಬರುತ್ತದೆ. ಬೇಸಗೆಯಲ್ಲೂ ತಣ್ಣಗೆ ಇರುತ್ತದೆ. ಅದಕ್ಕೆ ಗಸಟು ಅನ್ನುತ್ತೇವೆ. ಬರಿಗೈಲಿ ಮುಟ್ಟುವುದಿಲ್ಲ, ಬಾಗಿದ ಹಳೇ ಚಮಚದಲ್ಲಿ ಕೆರೆದು ಪೇಪರಿನ ಮೇಲೆ ಒಣಗಿಸುತ್ತೇವೆ. ಪೋಸ್ಟ್ ಮಾಸ್ಟರ ಹೆಂಡತಿಗೆ ನಿದ್ದೆ ಬರುವುದಿಲ್ಲ, ಅವರು ನೆಲ್ಲಿಕಾಯಿ ಗಾತ್ರದ್ದು ಕೇಳಿ ಒಯ್ದು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾರೆ. ಮಿಕ್ಕದ್ದನ್ನು ಮಂಗಳವಾರದ ಕಸದ ಗಾಡಿಗೆ ಹಾಕುತ್ತೇವೆ. ಮೋರಿಗೆ ಬಿಡಬಾರದು. ಒಂದು ಸಲ ಯಾರೋ ಬಿಟ್ಟು, ಕೆಳಗಿನ ಬೀದಿಯವರು ಎರಡು ದಿನ ಏಳದೆ, ಇಡೀ ಊರಿಗೆ ಹಾಲು ಬಂದಿರಲಿಲ್ಲ. ಸೋಪಿನ ಪುಡಿ ಹಾಕುವ ಖಾನೆಯನ್ನು ಎಳೆದು ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಬೇಕು. ಬಾಗಿಲ ಸುತ್ತಿನ ರಬ್ಬರನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಕೆಲಸ ಮುಗಿದ ಮೇಲೆ ಬಾಗಿಲು ತೆರೆದೇ ಬಿಡಬೇಕು, ಒಳಗೆ ಗಾಳಿ ಆಡಲಿ ಅಂತ. ಇಷ್ಟನ್ನು ಹೇಗೋ ಮಾಡುತ್ತಿದ್ದೆ. ವರ್ಷಕ್ಕೊಂದು ಸಲದ ಖಾಲಿ ಓಟವನ್ನು ಮಾತ್ರ ಮೂರು ವರ್ಷದಿಂದ ಮುಂದಕ್ಕೆ ತಳ್ಳಿಕೊಂಡು ಬಂದಿದ್ದೆ.

ಖಾಲಿ ಓಟ ಅಂದರೆ ಒಳಗೆ ಒಂದು ಬಟ್ಟೆಯೂ ಇಲ್ಲದೆ, ನಿಂಬೆ ಉಪ್ಪು ಹಾಕಿ, ಕುದಿಯುವಷ್ಟು ಬಿಸಿ ನೀರಿನಲ್ಲಿ ಮಷೀನನ್ನು ಓಡಿಸುವುದು. ಡ್ರಮ್ಮಿನ ಬೆನ್ನಿಗೆ ಕಚ್ಚಿಕೊಂಡ ಹಳೇ ಗಸಟೆಲ್ಲ ಬಿಡುತ್ತದೆ. ಅದು ಮುಗಿಯುವ ತನಕ ಮನೆಯವರೆಲ್ಲ ಹೊರಗೆ ಜಗುಲಿಯ ಮೇಲೆ ಕೂರುತ್ತಾರೆ. ಓಟಕ್ಕೆ ಮೊದಲು ಎರಡನೇ ಕೈ ಆಗಬೇಕು. ನಾವು ರಬ್ಬರಿನ ಮಡಿಕೆಯೊಳಗೆ ಬೆರಳು ಹಾಕಿ ಸುತ್ತ ತಡಕಿದ ಮೇಲೆ, ಬೇರೆ ಮನೆಯವರು ಒಬ್ಬರು ಬಂದು ಇನ್ನೊಂದು ಸಲ ತಡಕಬೇಕು. ಒಂದು ಕರ್ಚೀಫು ಸಿಕ್ಕಿಕೊಂಡಿದ್ದರೂ ವರ್ಷಗಟ್ಟಲೆಯ ಗಸಟನ್ನು ಅದೊಂದೇ ಕುಡಿಯುತ್ತದೆ. ತೊಟ್ಟವರ ಗತಿ ಮುಗಿಯಿತು.

ಈ ವರ್ಷ ಒಗೆದ ಸೀರೆ ಉಟ್ಟರೆ ನೆರಿಗೆ ಹಿಡಿಯುವಷ್ಟರಲ್ಲಿ ಭುಜ ಜಗ್ಗತೊಡಗಿತ್ತು. ಹೇಮಿಯ ಬಟ್ಟೆಗೂ ಅದೇ ಡ್ರಮ್ಮು. ಅವಳಿಗೀಗ ಹದಿಮೂರು. ಓಡುತ್ತಾಳೆ. ಯಾರೋ ಕಲಿಸಿದರು ಅಂತಲ್ಲ, ಅಂಗಡಿಗೆ ಕಳಿಸಿದರೂ ಓಡಿಯೇ ಹೋಗುವವಳು. ಕ್ರೀಡಾ ಹಾಸ್ಟೆಲಿನವರು ಹೊಳೆಯ ಈಚೆಯಿಂದ ಐದು, ಆಚೆಯಿಂದ ಐದು ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಊಟ, ವಸತಿ, ಮೇಲಿನ ಓದು ಎಲ್ಲ ಅವರದೇ. ಭಾನುವಾರ ಮೈದಾನದಲ್ಲಿ ಆಯ್ಕೆ ಇತ್ತು. ಅವಳ ಬಟ್ಟೆ ಹಗುರವಾಗಿರಲಿ ಅಂತಲೇ ನಾನು ಶುಕ್ರವಾರ ಮಧ್ಯಾಹ್ನ ಖಾಲಿ ಓಟಕ್ಕೆ ಕೈ ಹಾಕಿದ್ದು.

ಗೌರಕ್ಕನನ್ನು ಕರೆಯಬೇಕಿತ್ತು. ಅವರ ಬಾಯಿಗೆ ಹೆದರಿದೆ. ಹೋದ ವರ್ಷ ಎದುರು ಮನೆಗೆ ಎರಡನೇ ಕೈ ಹಾಕಲು ಹೋಗಿ, ಲೋಳೆಯ ಉಂಡೆ ತೆಗೆದು, "ಇವರ ರಬ್ಬರಲ್ಲಿ ಮೆಂತ್ಯ ಬಿತ್ತಬಹುದು" ಅಂತ ನೀರಿನ ಟ್ಯಾಂಕಿನ ತನಕ ಹೇಳಿಕೊಂಡು ಹೋಗಿದ್ದರು. ನನ್ನದು ಮೂರು ವರ್ಷದ ರಬ್ಬರು. ಹಾಗಾಗಿ ಮೊದಲು ಬಲಗೈ ಹಾಕಿ ತಡಕಿದೆ, ಆಮೇಲೆ ಎಡಗೈ ಹಾಕಿ ತಡಕಿದೆ. ಎರಡು ಕೈ ಆಯಿತಲ್ಲ ಅಂದುಕೊಂಡೆ. ಆಯಾಸಕ್ಕೆ ಬೆರಳು ಮರಗಟ್ಟಿದ್ದವು. ಬಲಗೈಗೆ ತಿಳಿಯದ್ದು ಎಡಗೈಗೂ ತಿಳಿಯಲಿಲ್ಲ.

ಜಗುಲಿಯಲ್ಲಿ ಕೂತಿದ್ದಾಗ ಗೌರಕ್ಕ ತರಕಾರಿ ಚೀಲ ಹಿಡಿದು ಬಂದರು.

"ಏನೇ, ಖಾಲಿ ಓಟಾನಾ? ಎರಡನೇ ಕೈ ಯಾರು ಹಾಕಿದ್ರು?"

"ನಮ್ ಚಿಕ್ಕಮ್ಮ ಬಂದಿದ್ರು ಅಕ್ಕ."

"ಯಾವ ಚಿಕ್ಕಮ್ಮ? ನಾನ್ ನೋಡೇ ಇಲ್ಲ?"

"ಬಂದ್ರು, ಹಾಕಿದ್ರು, ಹೋದ್ರು."

"ಓಹೋ, ಗಾಳೀಲಿ ಬಂದ ಚಿಕ್ಕಮ್ಮ," ಅಂದು ತಮ್ಮ ಮನೆಯೊಳಗೆ ಹೋದರು.

ಓಟ ಮುಗಿದು ಫಿಲ್ಟರು ತೆಗೆದರೆ ಗಸಟು ಒಂದು ಚಮಚವೂ ಇರಲಿಲ್ಲ. ಅಲ್ಲಿಯೇ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಹೆಮ್ಮೆ. ಮೂರು ವರ್ಷ ಬಿಟ್ಟರೂ ನನ್ನ ಮಷೀನು ಎಷ್ಟು ಚೊಕ್ಕಟ ಅಂದುಕೊಂಡೆ. ಮಾರನೆಯ ದಿನ ಹೇಮಿಯ ಬಟ್ಟೆ ಒಗೆದು ಬಾಗಿಲು ತೆಗೆದಾಗ, ಹದಿನೈದು ದಿನದಿಂದ ಕಾಣೆಯಾಗಿದ್ದ ಅವಳ ಓಟದ ಎಡಗಾಲಿನ ಕಾಲುಚೀಲ ಉಳಿದ ಬಟ್ಟೆಗಳ ಜೊತೆ ಈಚೆ ಬಂತು. ಕೆಂಪು ಪಟ್ಟಿಯ ಬಿಳಿ ಕಾಲುಚೀಲ. ಡ್ರಿಲ್ ಮೇಷ್ಟ್ರು ಮಲ್ಲೇಶಪ್ಪನವರು ಕೊಡಿಸಿದ್ದು.

"ಅಮ್ಮಾ, ಸಿಕ್ತು! ನಾನ್ ಹೇಳಿರ್ಲಿಲ್ವಾ, ಮಷೀನೇ ನುಂಗಿರೋದು ಅಂತ!"

"ನುಂಗಿದ್ದನ್ನ ಕಕ್ಕಿಸಿದ್ದು ಯಾರು ಹೇಳು," ಅಂದೆ ನಾನು.

ಭಾನುವಾರದ ಓಟ ಮೈದಾನಕ್ಕೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಹೇಮಿ ಎಲ್ಲರಿಗಿಂತ ಮುಂದಿದ್ದಳು. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳ ಎಡಗಾಲು ನೆಲ ಕೆರೆಯತೊಡಗಿತು. ಆಮೇಲೆ ಅವಳು ನಿಂತಳು, ಕೂತಳು, ಸುಣ್ಣದ ಗೆರೆಗೆ ಕೆನ್ನೆ ಕೊಟ್ಟು ಮಲಗಿಬಿಟ್ಟಳು. ಹಿಂದಿನವರು ಅವಳನ್ನು ದಾಟಿಕೊಂಡು ಓಡಿದರು. ನಾನು ಹೋಗುವಷ್ಟರಲ್ಲಿ ಮಲ್ಲೇಶಪ್ಪ ಮೇಷ್ಟ್ರು ಮೊಣಕಾಲೂರಿ ಕೂತು ಅವಳ ಕಾಲುಚೀಲವನ್ನು ಎರಡು ಕಡ್ಡಿಯಲ್ಲಿ ಹಿಡಿದು ಎಳೆಯುತ್ತಿದ್ದರು. ಊರಿನವರು ನೋಡಿದ ಕೂಡಲೇ ತಿಳಿಯುವ ಸಂಗತಿ ಅದು.

"ಯಾರ ಗಸಟಮ್ಮ ಇದು?" ಅಂದರು ಅವರು, ಎಲ್ಲರ ಎದುರಿಗೆ.

"ನಂದು," ಅಂದೆ.

ಅವರು ಬೈಯಲಿಲ್ಲ. ಮುಂದಿನ ಭಾನುವಾರ ಹೊಳೆಯಾಚೆಯ ಹುಡುಗಿಯರ ಸರದಿ ಇದೆ, ಅವರ ಪಟ್ಟಿಯ ಕೊನೆಯಲ್ಲಿ ಇವಳ ಹೆಸರು ಬರೆಯುತ್ತೇನೆ, ಅಷ್ಟರಲ್ಲಿ ಕಾಲು ಎದ್ದಿದ್ದರೆ ಕರೆದುಕೊಂಡು ಬನ್ನಿ, ಆಮೇಲೆ ಇನ್ನೊಂದು ಅವಕಾಶ ಇಲ್ಲ, ಅಂದರು.

ಸಾಯಂಕಾಲದ ಹೊತ್ತಿಗೆ ಹೇಮಿ ಎದ್ದಳು, ಕಾಲು ಏಳಲಿಲ್ಲ. ಪಾದದಿಂದ ಮಂಡಿಯ ತನಕ ಮಲಗಿತ್ತು. ಮುಟ್ಟಿದರೆ ಬೆಚ್ಚಗೆ, ಚಿವುಟಿದರೆ ಗೊತ್ತಿಲ್ಲ. ಕಿವಿ ಇಟ್ಟು ಕೇಳಿದರೆ ಸಣ್ಣಗೆ ಗೊರಕೆ.

ಸೋಮವಾರ ದಸ್ತಗೀರಣ್ಣ ಬಂದು ಕಾಲುಚೀಲವನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಮಷೀನಿನ ಬಾಗಿಲೊಳಗೆ ಬ್ಯಾಟರಿ ಬಿಟ್ಟು ರಬ್ಬರಿನ ಕೆಳಮಡಿಕೆ ನೋಡಿದ.

"ಎರಡನೇ ಕೈ ಯಾರದು ಅಕ್ಕಾ?"

ಎರಡು ಕೈಯೂ ನನ್ನದೇ ಅಂದೆ. ಗೌರಕ್ಕನ ಬಾಯಿಗೆ ಹೆದರಿ ಕರೆಯಲಿಲ್ಲ ಅಂದೆ. ಅವನು ಜೋರಾಗಿ ನಕ್ಕುಬಿಟ್ಟ.

"ಗೌರಕ್ಕನಾ! ಅವರ ಫಿಲ್ಟರಿನಿಂದ ನಾನು ಏನೇನ್ ತೆಗ್ದಿದ್ದೀನಿ ಗೊತ್ತಾ ನಿಮ್ಗೆ? ಎರಡು ಬೀಗದಕೈ, ಒಂದು ಚಮಚ, ಅವರ ಅತ್ತೆಯ ಹಲ್ಲಿನ ಸೆಟ್ಟು. ಪಾಪ, ಮುದುಕಿ ಮೂರು ತಿಂಗಳು ಗಂಜಿ ಕುಡ್ಕೊಂಡಿತ್ತು."

ನಗು ಮುಗಿದ ಮೇಲೆ ಉಪಾಯ ಹೇಳಿದ. ಕಾಲುಚೀಲವನ್ನು ಎಷ್ಟು ಸಲ ಬೇರೆ ಒಗೆದರೂ ಪ್ರಯೋಜನ ಇಲ್ಲ. ಮೂರು ವರ್ಷದ್ದು ಒಂದೆರಡು ಒಗೆತಕ್ಕೆ ಹೋಗುವಂಥದ್ದಲ್ಲ, ಅದೂ ಕಾಲಿಗೆ ಇಳಿದ ಮೇಲೆ. ಗಸಟು ತಾನು ಹುಟ್ಟಿದ ಮೈ ಕಡೆಗೆ ಮಾತ್ರ ವಾಪಸ್ ಹೋಗುತ್ತದೆ. ಕಾಲುಚೀಲ, ಆ ದಿನ ಹೇಮಿ ತೊಟ್ಟಿದ್ದ ಬಟ್ಟೆ, ನನ್ನದೊಂದು ಸೀರೆ, ಮೂರನ್ನೂ ಒಟ್ಟಿಗೆ ಹಾಕಬೇಕು. ತಣ್ಣೀರು, ಸೋಪಿನ ಪುಡಿ ಬೇಡ. ಹೊರಗೆ ಹೋಗುವ ಪೈಪನ್ನು ಮೇಲೆತ್ತಿ ಕಟ್ಟಿ, ನೀರು ಒಳಗೇ ತಿರುಗುವ ಹಾಗೆ ಮಾಡಬೇಕು. ಆಮೇಲೆ ಆ ಸೀರೆಯನ್ನು ನಾನು ಉಡಬೇಕು, ಉಟ್ಟ ಹಾಗೆಲ್ಲ ಕಾಲಿನದು ನನ್ನ ಮೈಗೆ ವಾಪಸ್ ಬರುತ್ತದೆ.

"ಒಂದೇ ನೀರಲ್ಲಾ?" ಅಂದೆ.

"ಒಂದೇ ನೀರಲ್ಲೇ ಅಕ್ಕಾ. ಬೇರೆ ಬೇರೆ ಹಾಕಿದ್ರೆ ಅದು ದಾರಿ ಹೆಂಗ್ ಹುಡುಕುತ್ತೆ?"

ಮಂಗಳವಾರ, ಬುಧವಾರ ನಾನು ಬೇರೆ ದಾರಿ ನೋಡಿದೆ. ಕಾಲಿಗೆ ಹರಳೆಣ್ಣೆ ತಿಕ್ಕಿದೆ. ಬಿಸಿ ನೀರಿಗೆ ಕಲ್ಲುಪ್ಪು ಹಾಕಿ ಕಾಲಿಡಿಸಿದೆ. ಕಾಲುಚೀಲವನ್ನು ಏಳು ಸಲ ಬೇರೆಯೇ ಒಗೆದೆ, ಏಳು ಸಲವೂ ನೀರು ಬೂದಿ ಬಣ್ಣ. ಹೇಮಿ ಶಾಲೆಗೆ ಕಾಲು ಎಳೆದುಕೊಂಡು ಹೋಗಿಬಂದಳು. ಮಂಡಿಯ ತನಕ ಇದ್ದ ನಿದ್ದೆ ತೊಡೆಗೆ ಏರಿತ್ತು. ಬುಧವಾರ ಶಾಲೆಯಿಂದ ಬಂದವಳು ಹೊಸ್ತಿಲ ಮೇಲೆ ಕೂತು ಕಾಲನ್ನೇ ನೋಡುತ್ತಾ ಹೇಳಿದಳು,

"ಅಮ್ಮಾ, ನನ್ ಕಾಲು ಕನಸು ಕಾಣ್ತಾ ಇದೆ."

"ಕಾಲು ಕಾಣೋ ಕನಸು ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ. ಚಪಾತಿ ಲಟ್ಟಿಸ್ತಾನೇ ಇರ್ತೀನಿ. ಒಂದು ಮುಗಿಸಿ ಪಕ್ಕಕ್ಕಿಟ್ರೆ ಇನ್ನೊಂದು ಉಂಡೆ ಇರುತ್ತೆ. ಯಾರೋ ಆ ಕಡೆಯಿಂದ, ಇನ್ನೂ ಇನ್ನೂರು ಬೇಕು ಅಂತಾರೆ. ಎಷ್ಟು ಮಾಡಿದ್ರೂ ಇನ್ನೂರೇ." ತಲೆ ಎತ್ತಿ ಕೇಳಿದಳು, "ದಿನಾ ಹಿಂಗೇನಾ ಅಮ್ಮಾ?"

ನಾನು ಎದ್ದು ಪಕ್ಕದ ಮನೆಗೆ ಹೋಗಿ, ನಾಳೆ ಬೆಳಿಗ್ಗೆ ಎರಡನೇ ಕೈ ಹಾಕಲು ಬರಬೇಕು ಅಂತ ಗೌರಕ್ಕನನ್ನು ಕರೆದೆ. ಚಿಕ್ಕಮ್ಮನ ಸುಳ್ಳನ್ನೂ ಒಪ್ಪಿಕೊಂಡೆ.

"ಗೊತ್ತಿತ್ತು ಬಿಡು," ಅಂದರು. "ನಿಂಗೆ ಯಾವ ಚಿಕ್ಕಮ್ಮನೂ ಇಲ್ಲ ಅಂತ ನಿಮ್ಮವ್ವನೇ ಹೇಳಿದ್ಲು."

ಗುರುವಾರ ಅಡುಗೆಮನೆಗೆ ತಡವಾಗಿ ಬರುತ್ತೇನೆ ಅಂತ ಹೇಳಿಕಳಿಸಿದೆ. ಗೌರಕ್ಕ ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿ, ರಬ್ಬರಿನ ಮಡಿಕೆಯೊಳಗೆ ಕೈ ಇಳಿಸಿದರು. ಒಂದು ಹೇರ್‌ಪಿನ್ನು, ಎರಡು ಕಡಲೆಕಾಳು, ಅಂಗಿಯ ಒಂದು ಗುಂಡಿ ತೆಗೆದು ನನ್ನ ಅಂಗೈಗೆ ಹಾಕಿದರು.

"ಇಲ್ಲಿ ಒಂದು ಅಂಗಡಿ ಇಡಬಹುದಲ್ಲೇ ಮಾದೇವಿ," ಅಂದರು. ಅಷ್ಟೇ. ಅದಕ್ಕೆ ಹೆದರಿ ನಾನು ಮಗಳ ಕಾಲು ಮಲಗಿಸಿದ್ದೆ.

ಕಾಲುಚೀಲ ಹಾಕಿದೆ. ಹೇಮಿಯ ಓಟದ ಚಡ್ಡಿ, ಬನಿಯನ್ ಹಾಕಿದೆ. ನನ್ನ ಅಡುಗೆಮನೆಯ ನೀಲಿ ಸೀರೆಯನ್ನು ಕೈಯಲ್ಲಿ ಹಿಡಿದು ನಿಂತೆ. ಒಂಬತ್ತು ವರ್ಷದ ಹಿಂದೆ ಲೋಟ ಹಿಡಿದು ಕೇಳಿಸಿಕೊಂಡವರು ಪಕ್ಕದಲ್ಲೇ ಇದ್ದರು. ನಾನು ಯಾಕೆ ನಿಂತೆ ಅಂತ ಅವರಿಗೆ ಹೇಳಬೇಕಾಗಿರಲಿಲ್ಲ.

"ನಾನು ಆ ಕಡೆ ತಿರುಗಿ ನಿಂತ್ಕೊಳ್ಳಲಾ?" ಅಂದರು.

"ಬೇಡ ಅಕ್ಕ. ನೋಡಿ."

ಸೀರೆ ಹಾಕಿ, ಬಾಗಿಲು ಮುಚ್ಚಿ, ಗುಂಡಿ ಒತ್ತಿದೆ. ನಲವತ್ತು ನಿಮಿಷ ಗಾಜಿನ ಒಳಗೆ ನೀಲಿಯ ಸುತ್ತ ಬಿಳಿ, ಬಿಳಿಯ ಸುತ್ತ ನೀಲಿ ತಿರುಗಿತು. ನೀರು ಮೊದಲು ಬೂದಿಯಾಯಿತು, ಆಮೇಲೆ ನಿಧಾನಕ್ಕೆ ತಿಳಿಯಾಯಿತು. ಕಾಲುಚೀಲ ಹೊರತೆಗೆದಾಗ ಹತ್ತಿಯಷ್ಟು ಹಗುರ. ಸೀರೆಯನ್ನು ನಾನೂ ಗೌರಕ್ಕನೂ ಎರಡು ತುದಿ ಹಿಡಿದು ಎತ್ತಿದೆವು, ಒದ್ದೆ ಗೋಣಿಯಲ್ಲಿ ಮರಳು ತುಂಬಿದ ಹಾಗಿತ್ತು. ಒಣಗಿದ ಮೇಲೂ ಭಾರ ಇಳಿಯಲಿಲ್ಲ.

ಶುಕ್ರವಾರದಿಂದ ಅದನ್ನೇ ಉಟ್ಟೆ. ಅಂದು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಶನಿವಾರ ಅನ್ನದ ಹಂಡೆಯ ಪಕ್ಕ ನಿಂತಲ್ಲೇ ನಿದ್ದೆ ಹೋದವಳನ್ನು ಜೊತೆಯ ಅಡುಗೆಯವಳು ರಟ್ಟೆ ಹಿಡಿದು ಗೋಡೆಗೆ ಒರಗಿಸಿದಳು. ಮನೆಯಲ್ಲಿ ಹೇಮಿಯ ಕಾಲು ತೊಡೆಯಿಂದ ಕೆಳಗೆ ಎಚ್ಚರವಾಗುತ್ತಾ ಬಂತು. ಜುಮ್ಮು ಹಿಡಿದು ಅವಳು ಅಮ್ಮಾ ಅಪ್ಪಾ ಅಂತ ಕೂಗಿದಳು, ಕೂಗುತ್ತಲೇ ನಕ್ಕಳು. ಕೊನೆಯದಾಗಿ ಎದ್ದದ್ದು ಕಿರುಬೆರಳು. ಅಂದು ಸಾಯಂಕಾಲ ಅಂಗಡಿಗೆ ಓಡಿಯೇ ಹೋದಳು.

ಭಾನುವಾರ ಮೈದಾನದ ಮೆಟ್ಟಿಲಿನ ಮೇಲೆ ಗೌರಕ್ಕನ ಪಕ್ಕ ಕೂತೆ.

"ಅವಳು ಓಡೋವಾಗ ನನ್ನ ಚಿವುಟಿ ಅಕ್ಕ. ಜೋರಾಗಿ."

"ಅದನ್ನೂ ಹೇಳ್ಕೊಡ್ಬೇಕಾ ನಂಗೆ?"

ಹೊಳೆಯಾಚೆಯ ಹುಡುಗಿಯರು ಸಾಲಾಗಿ ನಿಂತದ್ದು ನೋಡಿದೆ. ಕೊನೆಯಲ್ಲಿ ಹೇಮಿ ಬಗ್ಗಿ ಕೆಂಪು ಪಟ್ಟಿಯ ಕಾಲುಚೀಲ ಎಳೆದುಕೊಂಡದ್ದು ನೋಡಿದೆ. ಮೇಷ್ಟ್ರು ಸೀಟಿ ಬಾಯಿಗೆ ಇಟ್ಟದ್ದು ನೋಡಿದೆ. ಸೀಟಿಯ ಸದ್ದು ಕೇಳಿದ ನೆನಪಿಲ್ಲ.

ಕಣ್ಣು ಬಿಟ್ಟಾಗ ನನ್ನ ತಲೆ ಗೌರಕ್ಕನ ತೊಡೆಯ ಮೇಲಿತ್ತು. ಮೈದಾನದಲ್ಲಿ ಒಂದು ಹಸು ಬಿಟ್ಟರೆ ಯಾರೂ ಇರಲಿಲ್ಲ. ರಟ್ಟೆಯ ಮೇಲೆ ಐದಾರು ಕಡೆ ಚಿವುಟಿದ ಗುರುತು ಕೆಂಪಗೆ ಎದ್ದಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಹೇಮಿ ಒಂದು ಕಾಗದ ಹಿಡಿದು, ಬೆವರಿನ ಮುಖದಲ್ಲಿ, ನಾನು ಏಳಲಿ ಅಂತ ಕಾಯುತ್ತಾ ಕೂತಿದ್ದಳು.

"ಎಷ್ಟನೆಯವಳು?"

"ನಾಲ್ಕು."

"ಐದು ಜನ ತಾನೇ?"

"ಐದು. ನೀನು ನೋಡ್ಲೇ ಇಲ್ಲ ಅಮ್ಮಾ."

"ಇವಳು ಕೂಗಿದ ಕೂಗಿಗೆ ಸತ್ತವರೂ ಏಳಬೇಕಿತ್ತು," ಅಂದರು ಗೌರಕ್ಕ. "ನೀನು ಮಾತ್ರ ಏಳ್ಲಿಲ್ಲ ಕಣೇ. ನಾನೂ ಚಿವುಟಿ ಚಿವುಟಿ ಉಗುರು ಮುರ್ಕೊಂಡೆ."

ಹೇಮಿ ಹಾಸ್ಟೆಲಿಗೆ ಹೋಗಿ ಎರಡು ತಿಂಗಳಾಯಿತು. ಅಲ್ಲಿ ಪ್ರತಿಯೊಬ್ಬ ಹುಡುಗಿಗೂ ಒಗೆಯಲು ಬೇರೆ ದಿನ, ಬೇರೆ ನೀರಂತೆ. ನಾನು ಆ ನೀಲಿ ಸೀರೆ ಉಡುವುದು ಮುಗಿದಿಲ್ಲ, ಇನ್ನೂ ಒಂದೆರಡು ವರ್ಷದ ಸುಸ್ತು ಉಳಿದಿದೆ ಅಂತ ದಸ್ತಗೀರಣ್ಣ ಹೇಳುತ್ತಾನೆ. ಮಷೀನಿನ ಬಾಗಿಲು ಗಾಳಿಗೆ ತೆರೆದಿರುತ್ತದೆ. ಶನಿವಾರ ಶನಿವಾರ ಫಿಲ್ಟರು ತೆಗೆಯುತ್ತೇನೆ, ರಬ್ಬರು ಒರೆಸುತ್ತೇನೆ. ಆಮೇಲೆ ಗೌರಕ್ಕ ಬಂದು ಒಂದು ಕೈ ಹಾಕಿ ಹೋಗುತ್ತಾರೆ. ವಾರವಾರವೂ ಅದರ ಅಗತ್ಯವಿಲ್ಲ, ಆದರೂ ಬರುತ್ತಾರೆ.

ಅವ್ವನಿಗೆ ಕೊಟ್ಟ ಮಾತು ಒಂಬತ್ತು ವರ್ಷ ನಡೆಯಿತು. ಆ ಗುರುವಾರ ಬೆಳಿಗ್ಗೆ ಅದನ್ನು ಮುರಿದೆ.